ಕೀಲಿಕೈ ಸಿಕ್ಕಿತು, ಬಸ್ಸಿನ ಹೊತ್ತು ಗೊತ್ತಾಯಿತು: ‘ಫೈಂಡ್ ಔಟ್’ ಬಳಸುವ ಬಗೆ

ಇಂಗ್ಲಿಷಿನಲ್ಲಿ ಕಳೆದುಹೋದ ಕೀಲಿಕೈಯನ್ನು ‘ಫೈಂಡ್’ ಮಾಡುತ್ತಾರೆ, ‘ಫೈಂಡ್ ಔಟ್’ ಮಾಡುವುದಿಲ್ಲ. ಕಂಬಂ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದನ್ನು ‘ಫೈಂಡ್ ಔಟ್’ ಮಾಡುತ್ತಾರೆ. ಅಲ್ಲಿ ಬರಿಯ ‘ಫೈಂಡ್’ ಸಾಲದು. ಶಾಲೆಯಲ್ಲಿ ಹತ್ತು ವರ್ಷ ಇಂಗ್ಲಿಷ್ ಕಲಿತವರೂ ಇಲ್ಲಿ ಎಡವುತ್ತಾರೆ. ದಡ್ಡತನ ಅದಕ್ಕೆ ಕಾರಣವಲ್ಲ. ನಮ್ಮ ಮಾತಿನಲ್ಲಿರುವ ಒಂದು ಅನುಕೂಲವೇ ಕಾರಣ.

ಆ ಅನುಕೂಲ ‘ಕಂಡುಹಿಡಿ’ ಎಂಬ ಕ್ರಿಯಾಪದ. ಕಳ್ಳನನ್ನು ಕಂಡುಹಿಡಿದರು ಅನ್ನುತ್ತೇವೆ. ಸತ್ಯವನ್ನು ಕಂಡುಹಿಡಿದರು, ಕಾಯಿಲೆಗೆ ಔಷಧಿ ಕಂಡುಹಿಡಿದರು, ದೂರವಾಣಿ ಕಂಡುಹಿಡಿದರು ಅಂತಲೂ ಅನ್ನುತ್ತೇವೆ. ಎಲ್ಲಕ್ಕೂ ಒಂದೇ ಮಾತು. ತಮಿಳಿನಲ್ಲೂ ಹೀಗೆಯೇ, ಅಲ್ಲಿ ಅದು ‘ಕಂಡುಪಿಡಿ’. ಹಳೆಯ ‘ಪಿಡಿ’ ನಮ್ಮಲ್ಲಿ ‘ಹಿಡಿ’ ಆಯಿತು, ಅವರಲ್ಲಿ ‘ಪಿಡಿ’ಯಾಗಿಯೇ ಉಳಿಯಿತು, ಅಷ್ಟೇ. ಇಂಗ್ಲಿಷ್ ಮಾತ್ರ ಈ ಒಂದು ಕೆಲಸವನ್ನು ನಾಲ್ಕಾರು ಪದಗಳಿಗೆ ಹಂಚಿಟ್ಟಿದೆ.

ಇದನ್ನು ಉತ್ತಮಪಾಳಯಂ ಕಡೆಯ ಉದಾಹರಣೆಗಳಿಂದ ನೋಡೋಣ. ಕಾರಣ ಇದೆ. ತಮಿಳುನಾಡಿನ ತೇನಿ ಜಿಲ್ಲೆಯ ಈ ತಾಲ್ಲೂಕು ಕೇಂದ್ರ, ಕಂಬಂ ಕಣಿವೆಯ ನಡುವೆ, ಕುಮಳಿಗೆ ಹೋಗುವ ಹೆದ್ದಾರಿಯ ಮೇಲಿದೆ. ಈ ಕಣಿವೆಯಲ್ಲಿ ಕಪ್ಪಿಲಿಯರೆಂಬ ಒಕ್ಕಲು ಸಮುದಾಯವಿದೆ. ಅವರ ಮನೆಮಾತು ಕನ್ನಡ. ಡಬ್ಲ್ಯೂ. ಫ್ರಾನ್ಸಿಸ್ ಬರೆದು 1906ರಲ್ಲಿ ಹೊರಬಂದ ಮಧುರೆ ಜಿಲ್ಲೆಯ ಗೆಜೆಟಿಯರ್‌ನಲ್ಲೂ ಇವರ ಪ್ರಸ್ತಾಪವಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೆಲಸದ ಅರ್ಜಿಗೆ ಇಂಗ್ಲಿಷ್. ಇಂಥ ಮನೆಯ ಮಗುವಿಗೆ ‘ಕಂಡುಹಿಡಿ’ ಎರಡು ಭಾಷೆಗಳ ಬಲದೊಡನೆ ಬಂದಿರುತ್ತದೆ. ‘ಫೈಂಡ್ ಔಟ್’ ಆ ಮಗುವಿಗೆ ಇನ್ನಷ್ಟು ಅಪರಿಚಿತ. ಮೈಸೂರಿನ ಮಗುವಿನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯೇನಲ್ಲ.

ಮೊದಲು ಇದು ಏನು ಎಂದು ತಿಳಿಯೋಣ. ‘ಫೈಂಡ್ ಔಟ್’ ಎಂಬುದು ಒಂದು ಫ್ರೇಸಲ್ ವರ್ಬ್. ಅಂದರೆ ಒಂದು ಕ್ರಿಯಾಪದದ ಹಿಂದೆ ‘ಔಟ್’, ‘ಅಪ್’, ‘ಆಫ್’ನಂಥ ಪುಟ್ಟ ಪದ ಸೇರಿ, ಎರಡೂ ಕೂಡಿ ಹೊಸ ಅರ್ಥ ಕೊಡುವ ಜೋಡಿ. ಈ ಹೆಸರು ಅಚ್ಚಿನಲ್ಲಿ ನೆಲೆ ನಿಂತದ್ದು ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಜೋಡಿಗಳು ಮಾತ್ರ ಬಹಳ ಹಳೆಯವು. 1755ರಲ್ಲಿ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್, ಪರದೇಶದವರಿಗೆ ಇವು ತುಂಬ ಕಷ್ಟ ಕೊಡುತ್ತವೆ ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ಆದ್ದರಿಂದ ನಿಮಗೆ ಕಷ್ಟವಾದರೆ ಸಂಕೋಚ ಬೇಡ.

‘ಹೊರಗೆ ಎಂಬ ಪದಕ್ಕೂ ಗೊತ್ತಾಗುವುದಕ್ಕೂ ಏನು ಸಂಬಂಧ?’ ಎಂದು ಕೇಳುವಿರಿ. ನಮ್ಮಲ್ಲೂ ಇಂಥ ಜೋಡಿಗಳಿವೆ. ನಾವು ಕ್ರಿಯಾಪದಕ್ಕೆ ಇನ್ನೊಂದು ಕ್ರಿಯಾಪದವನ್ನೇ ಸೇರಿಸುತ್ತೇವೆ. ‘ತಿಂದುಬಿಟ್ಟ’ ಅಂದಾಗ ಯಾರೂ ಏನನ್ನೂ ಬಿಡುವುದಿಲ್ಲ, ತಟ್ಟೆ ಖಾಲಿಯಾಗುತ್ತದೆ. ‘ತಿಳಿದುಕೊಂಡೆ’ ಅಂದಾಗ ಯಾರೂ ಏನನ್ನೂ ಕೊಳ್ಳುವುದಿಲ್ಲ. ‘ಬಿಡು’, ‘ಕೊಳ್ಳು’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಇಂಥ ಪುಟ್ಟ ಪದಗಳು ಮಾಡುತ್ತವೆ. ಒಳಗಿದ್ದ ಸಂಗತಿ ಹೊರಬಿತ್ತು ಎಂಬ ಭಾವ ‘ಔಟ್’ನಲ್ಲಿದೆ. ಗುಟ್ಟು ಹೊರಬಿತ್ತು ಎಂದು ನಾವೂ ಹೇಳುತ್ತೇವಲ್ಲ.

ಈಗ ಅರ್ಥ. ‘ಫೈಂಡ್ ಔಟ್’ ಅಂದರೆ ಗೊತ್ತಿಲ್ಲದ ಮಾಹಿತಿಯನ್ನು ಗೊತ್ತುಮಾಡಿಕೊಳ್ಳುವುದು. ಕೇಳಿ, ಓದಿ, ಹುಡುಕಿ ತಿಳಿಯಬಹುದು, ಅಥವಾ ಅದಾಗಿ ಕಿವಿಗೆ ಬೀಳಬಹುದು. ಹೇಗಾದರೂ ಕೊನೆಗೆ ಕೈಗೆ ಬರುವುದು ಒಂದು ಸಂಗತಿ. ವಸ್ತುವಲ್ಲ, ಮನುಷ್ಯನೂ ಅಲ್ಲ. ಮುಟ್ಟಬಹುದಾದದ್ದು ಸಿಕ್ಕರೆ ‘ಫೈಂಡ್’, ಹೇಳಬಹುದಾದದ್ದು ಗೊತ್ತಾದರೆ ‘ಫೈಂಡ್ ಔಟ್’. ಕಷ್ಟದ ಸಂದರ್ಭಗಳಲ್ಲಿ ಈ ಒಂದು ಗೆರೆ ಮುಕ್ಕಾಲು ಪಾಲು ಸಮಸ್ಯೆಯನ್ನು ಬಗೆಹರಿಸುತ್ತದೆ.

ತೇನಿ ಜಿಲ್ಲೆಯದೇ ಒಂದು ನಿಜ ಸಂಗತಿಯ ಮೇಲೆ ಈ ಗೆರೆಯನ್ನು ಹಿಡಿದು ನೋಡಿ. ಆಂಡಿಪಟ್ಟಿ ತಾಲ್ಲೂಕಿನ ಪುಲಿಮಾನ್‌ಕೊಂಬೈ ಎಂಬ ಹಳ್ಳಿಯಲ್ಲಿ 2006ರಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದ ತಂಡಕ್ಕೆ ಮೂರು ವೀರಗಲ್ಲುಗಳು ಸಿಕ್ಕವು. ಅವುಗಳ ಮೇಲೆ ತಮಿಳು ಬ್ರಾಹ್ಮಿ ಲಿಪಿಯ ಬರಹ. ಕಲ್ಲು ಮುಟ್ಟುವಂಥದ್ದು. ಆದ್ದರಿಂದ ‘ದೇ ಫೌಂಡ್ ತ್ರೀ ಹೀರೋ ಸ್ಟೋನ್ಸ್’. ಇಲ್ಲಿ ‘ಔಟ್’ ಬಂದರೆ ತಪ್ಪು. ಆಮೇಲೆ ಅಕ್ಷರಗಳನ್ನು ಓದಿದರು. ಒಂದು ಕಲ್ಲು ‘ಆಕೋಳ್’ನಲ್ಲಿ, ಅಂದರೆ ದನಗಳನ್ನು ಹೊಡೆದೊಯ್ಯುವ ಕಾಳಗದಲ್ಲಿ, ಮಡಿದ ಅಂತವನ್ ಎಂಬವನದು ಎಂದು ತಿಳಿಯಿತು. ನಮ್ಮ ಶಾಸನಗಳ ‘ತುರುಗೊಳ್’ ಇದೇ. ಇದು ಮಾಹಿತಿ. ಆದ್ದರಿಂದ ‘ದೇ ಫೌಂಡ್ ಔಟ್ ಹೌ ಹೀ ಡೈಡ್’, ಅವನು ಹೇಗೆ ಸತ್ತ ಎಂಬುದು ಅವರಿಗೆ ಗೊತ್ತಾಯಿತು. ಕಲ್ಲಿಗೆ ‘ಫೌಂಡ್’, ಕಲ್ಲಿನ ಕಥೆಗೆ ‘ಫೌಂಡ್ ಔಟ್’.

‘ಹಾಗಾದರೆ ಡಿಸ್ಕವರ್ ಯಾವಾಗ?’ ಇದು ಮುಂದಿನ ಅನುಮಾನ. ಜಗತ್ತಿಗೇ ಗೊತ್ತಿಲ್ಲದಿದ್ದ, ಆದರೆ ಮೊದಲೇ ಇದ್ದ ಸಂಗತಿ ಮೊದಲ ಸಲ ಬೆಳಕಿಗೆ ಬಂದರೆ ‘ಡಿಸ್ಕವರ್’. ಸರ್ ಸಿ.ವಿ. ರಾಮನ್ 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ‘ಡಿಸ್ಕವರ್’ ಮಾಡಿದರು. ಬೆಳಕು ಹಾಗೆ ಚದುರುವುದು ಅವರಿಗಿಂತ ಮೊದಲೂ ಇತ್ತು. 1876ರ ಟೆಲಿಫೋನು ಹಾಗಲ್ಲ. ಇಲ್ಲದ್ದನ್ನು ಹೊಸದಾಗಿ ಮಾಡಿದ್ದು, ಆದ್ದರಿಂದ ಅದು ‘ಇನ್ವೆಂಟ್’. ಕನ್ನಡದ ‘ಕಂಡುಹಿಡಿ’ ಎರಡನ್ನೂ ಹೊರುತ್ತದೆ. ಶಾಲೆಯ ಪುಸ್ತಕಗಳು ಮೊದಲನೆಯದಕ್ಕೆ ಶೋಧನೆ, ಎರಡನೆಯದಕ್ಕೆ ಆವಿಷ್ಕಾರ ಎಂದು ಬೇರೆ ಮಾಡಲು ಯತ್ನಿಸುತ್ತವೆ. ಆಡುಮಾತು ಅದನ್ನು ಕಿವಿಗೆ ಹಾಕಿಕೊಂಡಿಲ್ಲ.

ವಿಜ್ಞಾನದ ಒಂದೇ ಕಥೆಯಲ್ಲಿ ಈ ಪದಗಳೆಲ್ಲ ಸಾಲಾಗಿ ಬರುವುದನ್ನು ನೋಡಬೇಕಾದರೆ ಕೋಲಾರದಿಂದ ತೇನಿಗೆ ಬರಬೇಕು. ನ್ಯೂಟ್ರಿನೋ ಎಂಬ ಅತಿ ಹಗುರ ಕಣ ಇರಬೇಕೆಂದು 1930ರಲ್ಲಿ ಭೌತವಿಜ್ಞಾನಿ ಪೌಲಿ ಊಹಿಸಿದ. ಅದು ನಿಜಕ್ಕೂ ಇದೆ ಎಂದು 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ತೋರಿಸಿದರು. ಅದು ‘ಡಿಸ್ಕವರ್’. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಜಾಡು 1965ರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ಆಳದಲ್ಲಿ ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಸಿಕ್ಕಿತು. ಉಪಕರಣ ಹಿಡಿದ ಸುಳಿವಾದ್ದರಿಂದ ಇದಕ್ಕೆ ‘ಡಿಟೆಕ್ಟ್’, ಅಂದರೆ ಪತ್ತೆ ಹಚ್ಚುವುದು. ನ್ಯೂಟ್ರಿನೋಗಳಲ್ಲಿ ಮೂರು ಬಗೆ. ತೂಕದಲ್ಲಿ ಅವುಗಳ ಕ್ರಮ ಯಾವುದು ಎಂಬುದೊಂದು ಪ್ರಶ್ನೆ. ಅದಕ್ಕೆ ಉತ್ತರ ಪಡೆಯಲು ಇದೇ ತೇನಿ ಜಿಲ್ಲೆಯ ಪೊಟ್ಟಿಪುರದ ಹತ್ತಿರ, ಬೋಡಿ ಪಶ್ಚಿಮ ಬೆಟ್ಟದ ಒಡಲಲ್ಲಿ, ಸುರಂಗ ಕೊರೆದು ವೀಕ್ಷಣಾಲಯ ಕಟ್ಟುವ ಯೋಜನೆಗೆ 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸ್ಥಳೀಯರು ವಿರೋಧಿಸಿದರು. ತಮಿಳುನಾಡು ಸರ್ಕಾರವೂ ಒಲ್ಲೆನೆಂದಿತು. ಆ ಜಗಳದಲ್ಲಿ ಯಾರ ಪಾಲು ಎಷ್ಟು ಎಂಬುದು ಬೇರೆ ಲೇಖನ. ನಮಗೆ ಬೇಕಾದ ವಾಕ್ಯ ಇಷ್ಟು: ‘ದೇ ವಾಂಟೆಡ್ ಟು ಫೈಂಡ್ ಔಟ್ ವಿಚ್ ಒನ್ ಈಸ್ ದ ಹೆವಿಯೆಸ್ಟ್’, ಯಾವುದು ಎಲ್ಲಕ್ಕಿಂತ ಭಾರ ಎಂದು ವಿಜ್ಞಾನಿಗಳು ತಿಳಿಯಬಯಸಿದರು. ಕಣ ಇದೆಯೆಂದು ಗೊತ್ತು. ಅದರ ಬಗ್ಗೆ ಒಂದು ಸಂಗತಿ ಗೊತ್ತಿಲ್ಲ. ಅಂಥ ಕಡೆ ‘ಫೈಂಡ್ ಔಟ್’.

ಇನ್ನು ವಾಕ್ಯ ಕಟ್ಟುವ ಬಗೆ. ಮುಲ್ಲೈ ಪೆರಿಯಾರ್ ಅಣೆಕಟ್ಟಿನ ನೀರು 1895ರಿಂದ ಈ ಕಣಿವೆಗೆ ಹರಿಯುತ್ತಿದೆ. ಮಟ್ಟ 142 ಅಡಿಯವರೆಗೆ ಏರಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಭತ್ತದ ಗದ್ದೆಯವರಿಗೆ ಅಣೆಕಟ್ಟಿನಲ್ಲಿ ಈಗ ಎಷ್ಟು ನೀರಿದೆ ಎಂಬುದೇ ಮುಖ್ಯ. ಅದನ್ನು ವಿಚಾರಿಸಿಕೊಂಡು ಬಾ ಎನ್ನಬೇಕಾದರೆ ‘ಫೈಂಡ್ ಔಟ್ ದ ವಾಟರ್ ಲೆವೆಲ್’. ಇದು ಸುಲಭ, ಹಿಂದೆ ಒಂದು ನಾಮಪದ ಬಂತು. ಒಂದು ವಿಷಯದ ಬಗ್ಗೆ ಎನ್ನಬೇಕಾದರೆ ನಡುವೆ ‘ಅಬೌಟ್’ ಸೇರಿಸಿ: ‘ಫೈಂಡ್ ಔಟ್ ಅಬೌಟ್ ದ ಡ್ಯಾಮ್’. ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ‘ಇಫ್’ ಅಥವಾ ‘ವೆದರ್’: ‘ಫೈಂಡ್ ಔಟ್ ಇಫ್ ದ ಬಸ್ ಹ್ಯಾಸ್ ಲೆಫ್ಟ್’.

ನಿಜವಾದ ಮುಳ್ಳು ಪ್ರಶ್ನೆಪದಗಳಲ್ಲಿದೆ. 2023ರ ಜೂನ್‌ನಿಂದ ಇದೇ ಜಿಲ್ಲೆಯ ಬೋಡಿನಾಯಕನೂರಿನವರೆಗೆ ರೈಲು ಬರುತ್ತಿದೆ. ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ನೇರವಾಗಿ ಕೇಳುವಾಗ ‘ವೆನ್ ಡಸ್ ದ ಟ್ರೇನ್ ಲೀವ್?’ ಎನ್ನುತ್ತೇವೆ. ಇದನ್ನೇ ‘ಫೈಂಡ್ ಔಟ್’ಗೆ ಅಂಟಿಸಿ ‘ಫೈಂಡ್ ಔಟ್ ವೆನ್ ಡಸ್ ದ ಟ್ರೇನ್ ಲೀವ್’ ಎಂದು ಬರೆಯುವವರು ಊರ ತುಂಬ ಇದ್ದಾರೆ. ಸರಿಯಾದದ್ದು ‘ಫೈಂಡ್ ಔಟ್ ವೆನ್ ದ ಟ್ರೇನ್ ಲೀವ್ಸ್’. ‘ಡಸ್’ ಬಿದ್ದುಹೋಗುತ್ತದೆ, ಪದಗಳು ಸಾಮಾನ್ಯ ಹೇಳಿಕೆಯ ಕ್ರಮಕ್ಕೆ ಮರಳುತ್ತವೆ. ನಮಗೆ ಈ ತಪ್ಪು ಯಾಕೆ ಆಗುತ್ತದೆ ಎಂಬುದು ಕನ್ನಡವನ್ನು ನೋಡಿದರೆ ತಿಳಿಯುತ್ತದೆ. ‘ರೈಲು ಯಾವಾಗ ಹೊರಡುತ್ತದೆ?’ ಎಂಬ ಪ್ರಶ್ನೆಯನ್ನು ನಾವು ಒಂದಕ್ಷರ ಕದಲಿಸದೆ, ಹಿಂದೆ ‘ಅಂತ’ ಸೇರಿಸಿ, ‘ರೈಲು ಯಾವಾಗ ಹೊರಡುತ್ತದೆ ಅಂತ ವಿಚಾರಿಸು’ ಎನ್ನುತ್ತೇವೆ. ಆ ‘ಅಂತ’ ಎಂಥ ಪ್ರಶ್ನೆಯನ್ನಾದರೂ ಇದ್ದಂತೆಯೇ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ‘ಅಂತ’ ಇಲ್ಲ. ಆದ್ದರಿಂದ ‘ಫೈಂಡ್ ಔಟ್’ ಬರೆದ ಮೇಲೆ ಪೆನ್ನು ಒಂದು ಕ್ಷಣ ನಿಲ್ಲಿಸಿ, ಮುಂದೆ ಪ್ರಶ್ನೆಯ ‘ಡು’, ‘ಡಸ್’, ‘ಡಿಡ್’ ಬಂದಿದೆಯೇ ನೋಡಿ. ಬಂದಿದ್ದರೆ ಹೊಡೆದುಹಾಕಿ. ‘ಡಸ್’ ಹೋದರೆ ‘ಲೀವ್’ ‘ಲೀವ್ಸ್’ ಆಗುತ್ತದೆ, ‘ಡಿಡ್’ ಹೋದರೆ ‘ಲೆಫ್ಟ್’ ಆಗುತ್ತದೆ. ಅಷ್ಟು ತಿದ್ದಿದರೆ ಮುಗಿಯಿತು.

ಇನ್ನೊಂದು ಕಡೆಯೂ ಕನ್ನಡದ ಬಳಕೆ ನಮ್ಮನ್ನು ಬೇರೆ ದಾರಿಗೆ ಎಳೆಯುತ್ತದೆ. ನಮ್ಮಲ್ಲಿ ಕೀಲಿಕೈ ತಾನೇ ಸಿಗುತ್ತದೆ, ವಿಷಯ ತಾನೇ ಗೊತ್ತಾಗುತ್ತದೆ. ‘ನನಗೆ’ ಎಂದು ನಾವು ಪಕ್ಕದಲ್ಲಿ ನಿಂತಿರುತ್ತೇವೆ. ಇಂಗ್ಲಿಷಿನಲ್ಲಿ ಮನುಷ್ಯ ಮುಂದೆ ಬರಬೇಕು: ‘ಐ ಫೌಂಡ್ ದ ಕೀ’, ‘ಐ ಫೌಂಡ್ ಔಟ್’. ಹುಡುಕುತ್ತಿರುವಾಗ ಮಾತ್ರ ‘ಫೈಂಡ್’ ಬರುವುದಿಲ್ಲ. ‘ಐ ಆಮ್ ಫೈಂಡಿಂಗ್ ಮೈ ಪೆನ್’ ನಮ್ಮ ತರಗತಿಗಳಲ್ಲಿ ಚೆನ್ನಾಗಿ ಬೇರೂರಿದ ವಾಕ್ಯ. ಅದು ‘ಐ ಆಮ್ ಲುಕಿಂಗ್ ಫಾರ್ ಮೈ ಪೆನ್’ ಆಗಬೇಕು. ಹುಡುಕುವುದು ‘ಲುಕ್ ಫಾರ್’, ಸಿಗುವುದು ‘ಫೈಂಡ್’.

ಇಲ್ಲೇ ‘ಕೇಮ್ ಟು ನೋ’ ಬಗ್ಗೆ ಹೇಳಬೇಕು. ‘ಪತ್ರಿಕೆಯಿಂದ ತಿಳಿದುಬಂತು’ ಎಂಬುದನ್ನು ನಾವು ‘ಐ ಕೇಮ್ ಟು ನೋ ಫ್ರಮ್ ದ ನ್ಯೂಸ್‌ಪೇಪರ್’ ಎಂದು ಬರೆಯುತ್ತೇವೆ. ಕೆಲಸದ ಅರ್ಜಿಗಳಲ್ಲಿ ಇದಿಲ್ಲದ ಮೊದಲ ಸಾಲು ಅಪರೂಪ. ‘ಬಂತು’ ಎಂಬುದಕ್ಕೆ ‘ಕೇಮ್’ ಹೊಂದಿಕೊಂಡಿದ್ದು ನೋಡಿದರೆ ನಮ್ಮದೇ ಮಾತಿನ ನೆರಳು ಇದರಲ್ಲಿದೆ ಎಂದು ನನ್ನ ಅನಿಸಿಕೆ. ಭಾರತದೊಳಗೆ ಇದನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ, ನಾನೂ ಇದನ್ನು ತಪ್ಪು ಎನ್ನುವುದಿಲ್ಲ. ಹೊರದೇಶದ ಪರೀಕ್ಷೆ, ಸಂದರ್ಶನಗಳಲ್ಲಿ ಮಾತ್ರ ಇದು ವಿಚಿತ್ರವಾಗಿ ಕೇಳಿಸುತ್ತದೆ. ಅಲ್ಲಿ ‘ಐ ಫೌಂಡ್ ಔಟ್’ ಅಥವಾ ಸ್ವಲ್ಪ ಗಂಭೀರವಾಗಿ ‘ಐ ಲರ್ನ್ಡ್’ ಬಳಸಿ.

ಇದರ ಜೊತೆಗೇ ‘ನ್ಯೂ’ ಎಂಬ ಭೂತಕಾಲವನ್ನೂ ನೋಡಿಬಿಡಿ. ‘ಕಂಬಂನಲ್ಲಿ ಕನ್ನಡ ಆಡುತ್ತಾರೆ ಅಂತ ನಿನ್ನೆ ಗೊತ್ತಾಯಿತು’ ಎನ್ನುವುದಕ್ಕೆ ‘ಐ ನ್ಯೂ ಇಟ್ ಎಸ್ಟರ್‌ಡೇ’ ಎಂದರೆ ಅರ್ಥ ಬೇರೆಯಾಗುತ್ತದೆ. ಅದು ‘ನಿನ್ನೆ ಗೊತ್ತಿತ್ತು’ ಎಂದಂತೆ. ‘ಗೊತ್ತಿತ್ತು’ ಒಂದು ಸ್ಥಿತಿ, ‘ಗೊತ್ತಾಯಿತು’ ಒಂದು ಗಳಿಗೆಯ ಘಟನೆ. ಘಟನೆಗೆ ಬೇಕಾದದ್ದು ‘ಐ ಫೌಂಡ್ ಔಟ್ ಎಸ್ಟರ್‌ಡೇ’. ಕನ್ನಡ ಇಷ್ಟು ಸ್ಪಷ್ಟವಾಗಿ ಬೇರೆ ಮಾಡಿಕೊಟ್ಟಿರುವಾಗ ಅದರ ಸಹಾಯ ಪಡೆಯದಿರುವುದು ಯಾಕೆ?

ಮುಖ್ಯ ರೂಪಗಳು ಎರಡೇ: ‘ಫೈಂಡ್’, ‘ಫೌಂಡ್’. ‘ಫೈಂಡೆಡ್’ ಇಲ್ಲ. ಆದರೆ ‘ಫೌಂಡೆಡ್’ ಇದೆ! ಅದು ಬೇರೆಯೇ ಕ್ರಿಯಾಪದ, ಸ್ಥಾಪಿಸು ಎಂದು ಅರ್ಥ. ಉತ್ತಮಪಾಳಯಂನ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು 1956ರಲ್ಲಿ ‘ಫೌಂಡೆಡ್’ ಆಯಿತು. ಅದನ್ನು ‘ಫೌಂಡ್’ ಎಂದು ಬರೆದರೆ, ಕಾಲೇಜು ಎಲ್ಲೋ ಕಳೆದುಹೋಗಿತ್ತು, 1956ರಲ್ಲಿ ಸಿಕ್ಕಿತು ಎಂದಾಗುತ್ತದೆ. ಉಚ್ಚಾರಣೆಯಲ್ಲಿ ‘ಫೈಂಡೌಟ್’, ‘ಫೌಂಡೌಟ್’ ಎಂದು ಕೂಡಿಸಿಯೇ ಹೇಳಿ. ಒತ್ತು ‘ಔಟ್’ ಮೇಲೆ ಬೀಳಲಿ.

‘ಇಟ್’ ಎಂಬ ಸರ್ವನಾಮ ಬಂದರೆ ಅದು ನಡುವೆ ಕೂರಬೇಕು. ‘ಫೈಂಡ್ ಇಟ್ ಔಟ್’ ಸರಿ, ‘ಫೈಂಡ್ ಔಟ್ ಇಟ್’ ತಪ್ಪು. ನಿಜ ಹೇಳಬೇಕೆಂದರೆ ಇಂಗ್ಲಿಷರು ಇಂಥ ಕಡೆ ‘ಇಟ್’ ಬಿಟ್ಟುಬಿಡುತ್ತಾರೆ. ‘ಐ’ಲ್ ಫೈಂಡ್ ಔಟ್’, ವಿಚಾರಿಸಿ ಹೇಳುತ್ತೇನೆ. ಬೋಡಿನಾಯಕನೂರಿನ ಏಲಕ್ಕಿ ಹರಾಜಿನಲ್ಲಿ ಇವತ್ತು ಏನು ದರ ಎಂದು ಯಾರಾದರೂ ಕೇಳಿದರೆ ಈ ಒಂದು ಸಾಲು ಸಾಕು.

ನಡುವೆ ಮನುಷ್ಯನನ್ನು ಕೂರಿಸುವಾಗ ಮಾತ್ರ ಎಚ್ಚರ. ‘ಐ ಫೌಂಡ್ ಹಿಮ್’ ಅಂದರೆ ಅವನು ಸಿಕ್ಕ. ‘ಐ ಫೌಂಡ್ ಹಿಮ್ ಔಟ್’ ಅಂದರೆ ಅವನ ಕಳ್ಳಾಟ ಬಯಲಾಯಿತು. ‘ಹೀ ವಾಸ್ ಫೌಂಡ್ ಔಟ್’, ಸಿಕ್ಕಿಬಿದ್ದ. ಜಾತ್ರೆಯಲ್ಲಿ ತಪ್ಪಿಸಿಕೊಂಡಿದ್ದ ನಿಮ್ಮ ಮಾವನವರು ಸಿಕ್ಕಿದರು ಎಂದು ಹೇಳಲು ಹೋಗಿ ‘ಔಟ್’ ಸೇರಿಸಿದರೆ, ಅವರ ಮರ್ಯಾದೆಗೆ ಧಕ್ಕೆ.

ನೆರೆಹೊರೆಯ ಜೋಡಿಗಳನ್ನು ಬೇಗ ನೋಡಿಬಿಡೋಣ. ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದದ್ದು ‘ಕಮ್ ಅಕ್ರಾಸ್’. ಉತ್ತಮಪಾಳಯಂನ ಹೊರಗೆ ತಿರುಗುಣಗಿರಿ ಬಂಡೆಯಲ್ಲಿ ಜೈನ ತೀರ್ಥಂಕರರ ಉಬ್ಬುಶಿಲ್ಪಗಳಿವೆ. ಬೇರೇನಕ್ಕೋ ಹೋದಾಗ ಅವು ಎದುರಾದರೆ ‘ಐ ಕೇಮ್ ಅಕ್ರಾಸ್ ದೆಮ್’. ಯಾರನ್ನೂ ಕೇಳದೆ ತಲೆ ಓಡಿಸಿ ತಿಳಿದದ್ದು ‘ಫಿಗರ್ ಔಟ್’. ಲೆಕ್ಕ, ಬೀಗ, ಹೊಸ ಮೊಬೈಲು, ಇವಕ್ಕೆಲ್ಲ ಅದು. ಕೊನೆಗೆ ಹೀಗಾಯಿತು ನೋಡಿ ಎನ್ನಲು ‘ಟರ್ನ್ ಔಟ್’.

ಕಚೇರಿ ಪತ್ರದಲ್ಲಿ ‘ಫೈಂಡ್ ಔಟ್’ ಬರೆಯಬಹುದೇ? ಬರೆಯಬಹುದು. ಅದು ಕೀಳುಮಾತೇನಲ್ಲ, ಸ್ವಲ್ಪ ಸಲಿಗೆಯ ಮಾತು. ತಾಲ್ಲೂಕು ಕಚೇರಿಗೆ ಬರೆಯುವ ಅರ್ಜಿಯಲ್ಲಿ ‘ಎನ್‌ಕ್ವೈರ್’, ಅಂದರೆ ವಿಚಾರಿಸು, ಹೆಚ್ಚು ಹೊಂದುತ್ತದೆ. ‘ಅಸರ್ಟೇನ್’ ಎಂಬುದೊಂದಿದೆ, ಖಚಿತಪಡಿಸಿಕೊಳ್ಳು ಎಂದು ಅರ್ಥ. ಹಳೆಯ ಕಡತಗಳಿಗೆ ಅದು ಪ್ರಿಯ. ಬದುಕಿರುವವರು ಒಬ್ಬರಿಗೊಬ್ಬರು ಬರೆಯುವಾಗ ಅದು ಬೇಕಾಗುವುದಿಲ್ಲ.

ಖರ್ಚು ಎಷ್ಟು, ಎಲ್ಲಿ ಸಿಗುತ್ತದೆ? ಮೊಬೈಲು ಇದ್ದರೆ ಖರ್ಚಿಲ್ಲ. ಕೇಂಬ್ರಿಜ್ ನಿಘಂಟು ಮತ್ತು ಎ.ಎಸ್. ಹಾರ್ನ್‌ಬಿ ಶುರುಮಾಡಿದ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಎರಡೂ ಅಂತರ್ಜಾಲದಲ್ಲಿ ಉಚಿತ. ಎರಡರಲ್ಲೂ ಉಚ್ಚಾರಣೆ ಕೇಳಿಸಿಕೊಳ್ಳಬಹುದು. ಕನ್ನಡ ಪದದಿಂದ ಇಂಗ್ಲಿಷಿಗೆ ಹೋಗಲು ವಿ. ಕೃಷ್ಣ ಅವರ ‘ಅಲರ್’ ನಿಘಂಟು, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಇವೆ. ಇವೂ ಉಚಿತ. ಅಭ್ಯಾಸಕ್ಕೆ ಪುಸ್ತಕವೇ ಬೇಕೆನ್ನುವವರು ಮೈಕೆಲ್ ಮೆಕಾರ್ಥಿ ಮತ್ತು ಫೆಲಿಸಿಟಿ ಓ’ಡೆಲ್ ಅವರ ‘ಇಂಗ್ಲಿಷ್ ಫ್ರೇಸಲ್ ವರ್ಬ್ಸ್ ಇನ್ ಯೂಸ್’ ಕೇಳಿ. ಕೊಳ್ಳುವ ಮೊದಲು ಹತ್ತಿರದ ಗ್ರಂಥಾಲಯದಲ್ಲಿ ಒಮ್ಮೆ ತಿರುವಿಹಾಕುವುದು ಜಾಣತನ. ಎಲ್ಲರಿಗೂ ಎಲ್ಲ ಪಾಠಗಳೂ ಬೇಕಾಗುವುದಿಲ್ಲ. ಶಿಕ್ಷಕರಾಗಿದ್ದರೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಯೇ ಅದರ ಕೆಲಸ.

ನಿಘಂಟಿನಲ್ಲಿ ‘ಓ’ ಅಕ್ಷರದಡಿ ಹುಡುಕಬೇಡಿ. ‘ಫೈಂಡ್’ ತೆರೆದು ಪೂರ್ತಿ ಕೆಳಗೆ ಹೋಗಿ, ಫ್ರೇಸಲ್ ವರ್ಬ್‌ಗಳು ಅಲ್ಲಿ ಗುಂಪಾಗಿರುತ್ತವೆ. ಅಲ್ಲಿ ‘ಸಮ್‌ಬಡಿ’, ‘ಸಮ್‌ಥಿಂಗ್’ ಎಂದು ಬರೆದಿರುತ್ತದೆ. ಮುದ್ರಿತ ಪ್ರತಿಯಲ್ಲಿ ಇವು ಎರಡು ಮೂರು ಅಕ್ಷರಗಳಿಗೆ ಮೊಟಕಾಗಿರಬಹುದು. ಮೊದಲನೆಯದು ಯಾರಾದರೊಬ್ಬರು, ಎರಡನೆಯದು ಏನಾದರೊಂದು. ‘ಸಮ್‌ಬಡಿ’ ಎಂಬುದು ‘ಫೈಂಡ್’ ಮತ್ತು ‘ಔಟ್’ ನಡುವೆ ಇದ್ದರೆ ಅದು ಕಳ್ಳಾಟ ಬಯಲಾದ ಅರ್ಥ. ‘ಸಮ್‌ಥಿಂಗ್’ ಎಂಬುದು ‘ಔಟ್’ ಆದಮೇಲೆ ಇದ್ದರೆ ನಾವು ಇಷ್ಟು ಹೊತ್ತು ಮಾತಾಡಿದ್ದು ಅದೇ. ಅರ್ಥ ಓದುವ ಮೊದಲು ಈ ಪದಗಳು ಎಲ್ಲಿ ಕೂತಿವೆ ಎಂದು ನೋಡಿ.